ಎರಡು ಕಿಕ್, ಎರಡು ಅಳತೆ: ಜೋಡಿಯಲ್ಲದ ಬೇಸ್ ಡ್ರಮ್‌ಗಳನ್ನು ಒಂದೇ ಕಿಟ್‌ನಲ್ಲಿ ಹೊಂದಿಸುವ ಬಗೆ

ಮನೆಯಲ್ಲಿರುವುದು 22 ಇಂಚಿನ ಬೇಸ್ ಡ್ರಮ್ ಇರುವ ಕಿಟ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದು 20 ಇಂಚಿನ ಇನ್ನೊಂದು. ಕಂಪನಿ ಬೇರೆ, ಆಳ ಬೇರೆ, ಬಣ್ಣವೂ ಬೇರೆ. ಇವೆರಡನ್ನು ಅಕ್ಕಪಕ್ಕ ಇಟ್ಟು ಡಬಲ್ ಕಿಕ್, ಅಂದರೆ ಕಾಲಿಗೊಂದರಂತೆ ಎರಡು ಬೇಸ್ ಡ್ರಮ್, ನುಡಿಸಬಹುದೇ? ಧಾರಾಳವಾಗಿ ನುಡಿಸಬಹುದು. ಕ್ರೀಮ್ ಎಂಬ ರಾಕ್ ತಂಡದ ಡ್ರಮ್ಮರ್ ಜಿಂಜರ್ ಬೇಕರ್ 1960ರ ದಶಕದಲ್ಲಿ ನುಡಿಸಿದ ಲಡ್ವಿಗ್ ಕಿಟ್‌ನಲ್ಲಿ ಒಂದು ಬೇಸ್ ಡ್ರಮ್ 20 ಇಂಚಿನದು, ಇನ್ನೊಂದು 22 ಇಂಚಿನದು. ತಬಲಾದ ಎಡ ಬಲಗಳನ್ನು ಕೇಳುತ್ತಾ ಬೆಳೆದ ನಮ್ಮ ಕಿವಿಗಂತೂ ಎರಡು ಗಾತ್ರದ ವಾದ್ಯ ಒಬ್ಬನೇ ವಾದಕನ ಮುಂದಿರುವುದು ಹೊಸದಲ್ಲ.

ಇಂಥ ಕಿಟ್ ಕಟ್ಟಿದವರು ಹೆಚ್ಚಾಗಿ ನೇರ ಟ್ಯೂನಿಂಗ್‌ಗೆ ಕೈ ಹಾಕುತ್ತಾರೆ. ಎರಡರ ಸದ್ದು ಒಂದೇ ಆಗುವವರೆಗೆ ಕೀ ತಿರುಗಿಸುತ್ತಾರೆ, ಆಮೇಲೆ ನುಡಿಸಲು ಕೂತರೆ ಎಡಗಾಲು ತಡವರಿಸುತ್ತದೆ. ಒಂದು ಹೆಡ್ (ಡ್ರಮ್ಮಿಗೆ ಬಿಗಿದ ಹಾಳೆ) ಪೆಡಲಿನ ಬೀಟರನ್ನು, ಅಂದರೆ ಹೊಡೆಯುವ ಸುತ್ತಿಗೆಯನ್ನು, ಚಿಮ್ಮಿಸಿ ವಾಪಸ್ ಕಳಿಸುತ್ತಿರುತ್ತದೆ, ಇನ್ನೊಂದು ನುಂಗಿಬಿಡುತ್ತಿರುತ್ತದೆ. ಆದ್ದರಿಂದ ಇಲ್ಲಿ ಕ್ರಮ ತಿರುಗುಮುರುಗು: ಮೊದಲು ಎರಡೂ ಕಾಲಿಗೆ ಒಂದೇ ಅನ್ನಿಸಬೇಕು, ಸದ್ದಿನ ಹೊಂದಾಣಿಕೆ ಅದರ ನಂತರ.

ಒಂದೇ ದನಿಯೋ, ಎರಡು ದನಿಯೋ

ಕೀ ಮುಟ್ಟುವ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಮೆಟಲ್ ನುಡಿಸುವವರಿಗೆ ಎರಡು ಕಾಲಿನ ಹದಿನಾರನೇ ಸ್ವರಗಳು, ಅಂದರೆ ಬೀಟಿಗೆ ನಾಲ್ಕರಂತೆ ಬೀಳುವ ಹೊಡೆತಗಳು, ಒಂದೇ ಡ್ರಮ್ಮಿನಿಂದ ಹೊರಟಂತೆ ಕೇಳಬೇಕು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಿದವರಿಗೆ ಆ ಸದ್ದು ನೆನಪಿರುತ್ತದೆ. ಆ ತಂಡದ ಡ್ರಮ್ಮರ್ ಲಾರ್ಸ್ ಉಲ್ರಿಚ್ ಬಳಸುವುದು ಒಂದೇ ಅಳತೆಯ 22 ಇಂಚಿನ ಜೋಡಿ. ನಿಧಾನ ಗತಿಯ ರಾಕ್, ಫ್ಯೂಷನ್, ತಾಳವಾದ್ಯದ ಜೊತೆಗಿನ ನುಡಿಸಾಣಿಕೆಗಾದರೆ ಎರಡು ಬೇರೆ ದನಿ ಇರುವುದೇ ಲಾಭ. ಮೊದಲ ದಾರಿ ಕಷ್ಟದ್ದು, ಹಾಗಾಗಿ ಅದನ್ನೇ ವಿವರವಾಗಿ ಹೇಳುತ್ತೇವೆ. ಎರಡನೆಯದಕ್ಕೂ ಡ್ರಮ್ ನಿಲ್ಲಿಸುವ ಮತ್ತು ಪೆಡಲ್ ಹೊಂದಿಸುವ ಹಂತಗಳು ಇವೇ.

ಅಳತೆಗಳು ಎಷ್ಟು ದೂರ ಇರಬಹುದು? ಒಂದೇ ಬಗೆಯ ಹೆಡ್ ಅನ್ನು ಒಂದೇ ಬಿಗಿತದಲ್ಲಿ ಹಾಕಿದರೆ ಶ್ರುತಿ ವ್ಯಾಸಕ್ಕೆ ವಿಲೋಮವಾಗಿ ಬದಲಾಗುತ್ತದೆ. 20 ಮತ್ತು 22 ಇಂಚಿನ ನಡುವೆ ಸುಮಾರು 1.65 ಸ್ವರಸ್ಥಾನದ ಅಂತರ, ಅಂದರೆ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಸ್ವಲ್ಪ ಕಡಿಮೆ. 22 ಮತ್ತು 24ರ ನಡುವೆ ಒಂದೂವರೆ. 20 ಮತ್ತು 24ರ ನಡುವೆ ಮೂರಕ್ಕೆ ತುಸು ಮೇಲೆ, ಸಾಧಾರಣ ಗಾಂಧಾರದಷ್ಟು. 18 ಮತ್ತು 22 ಆದರೆ ಮೂರೂವರೆ. ಒಂದೇ ದನಿ ಬೇಕಿದ್ದರೆ ಎರಡು ಇಂಚಿನ ವ್ಯತ್ಯಾಸದೊಳಗೆ ಇರುವುದು ಒಳ್ಳೆಯದು. ನಾಲ್ಕು ಇಂಚಿನದನ್ನೂ ಹತ್ತಿರ ತರಬಹುದು, ಆದರೆ ಹೆಡ್ಡಿನ ದಪ್ಪದ ಉಪಾಯ ಬೇಕಾಗುತ್ತದೆ. ಆಳದ ವ್ಯತ್ಯಾಸ, ಉದಾಹರಣೆಗೆ 14 ಮತ್ತು 18 ಇಂಚು, ಶ್ರುತಿಗಿಂತ ಹೆಚ್ಚಾಗಿ ಸದ್ದಿನ ಗುಣವನ್ನೂ ಬೀಟರಿಗೆ ಸಿಗುವ ಪ್ರತಿಕ್ರಿಯೆಯನ್ನೂ ಬದಲಿಸುತ್ತದೆ. ಅದನ್ನು ಡ್ಯಾಂಪಿಂಗ್‌ನಲ್ಲಿ, ಅಂದರೆ ಒಳಗೆ ಟವೆಲ್ ಇಟ್ಟು ಸದ್ದು ಅಡಗಿಸುವುದರಲ್ಲಿ, ಸರಿಪಡಿಸಬಹುದು.

ಬೇಕಾಗುವ ಸಾಮಾನು

ಒಂದೇ ಮಾಡೆಲ್ಲಿನ ಎರಡು ಸಿಂಗಲ್ ಪೆಡಲ್ ಮತ್ತು ಒಂದೇ ತರಹದ ಎರಡು ಬೀಟರ್ ಇರಲೇಬೇಕು. ದುಡ್ಡು ಉಳಿಸಲು ಇಲ್ಲಿ ರಾಜಿ ಮಾಡಿಕೊಳ್ಳಬೇಡಿ. ಡ್ರಮ್ ಬೇರೆ ಬೇರೆ ಇದ್ದರೂ ನಡೆಯುತ್ತದೆ, ಪೆಡಲ್ ಬೇರೆ ಬೇರೆ ಇದ್ದರೆ ನಡೆಯುವುದಿಲ್ಲ. ಒಂದೇ ಕಂಪನಿಯ, ಒಂದೇ ಬಗೆಯ, ಎರಡು ಅಳತೆಯ ಹೊಸ ಹೆಡ್‌ಗಳನ್ನು ಬೀಟರ್ ಕಡೆಗೆ ತನ್ನಿ. ಒಂದು ಹೊಸದು, ಒಂದು ಎರಡು ವರ್ಷ ಹೊಡೆಸಿಕೊಂಡದ್ದು ಎಂದಾದರೆ ಹೋಲಿಕೆಯೇ ಸಾಧ್ಯವಿಲ್ಲ. ಬೀಟರ್ ಬೀಳುವ ಜಾಗಕ್ಕೆ ಅಂಟಿಸುವ ಪ್ಯಾಚ್ ಹಾಕುವುದಾದರೆ ಎರಡಕ್ಕೂ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಹೊಡೆತದ ಟಿಕ್ ಸದ್ದು ಅಲ್ಲೇ ಬೇರೆಯಾಗುತ್ತದೆ. ಚಿಕ್ಕ ಡ್ರಮ್ಮಿಗೆ ಒಂದು ಲಿಫ್ಟರ್ (ಡ್ರಮ್ಮನ್ನು ಎತ್ತಿಹಿಡಿಯುವ ಸಾಧನ), ಮಿಲಿಮೀಟರ್ ಇರುವ ಸ್ಕೇಲು, ಡ್ರಮ್ ಕೀ, ಮೊಬೈಲಿನಲ್ಲಿ ಲೆವೆಲ್ ಮತ್ತು ಟ್ಯೂನರ್ ಆ್ಯಪ್, ಮೂರ್ನಾಲ್ಕು ಒಂದೇ ಅಳತೆಯ ಸ್ನಾನದ ಟವೆಲ್, ಮತ್ತು ಕನಿಷ್ಠ 7 ಅಡಿ ಅಗಲದ ಕಾರ್ಪೆಟ್.

ಹಂತ 1: ನಿಲ್ಲಿಸುವುದು

ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಎರಡೂ ಪಾದ ಸಹಜವಾಗಿ ಎಲ್ಲಿ ಬೀಳುತ್ತವೋ ಅಲ್ಲಿ ಕಾರ್ಪೆಟ್ ಮೇಲೆ ಟೇಪ್ ಅಂಟಿಸಿ. ಪೆಡಲ್ ಬರುವುದು ಅಲ್ಲಿಗೆ, ಡ್ರಮ್ ಬರುವುದು ಪೆಡಲ್ ಇರುವಲ್ಲಿಗೆ. ಆಳ ಬೇರೆಯಿದ್ದಾಗ ಪ್ರೇಕ್ಷಕರಿಗೆ ಕಾಣುವ ಮುಂಭಾಗಗಳನ್ನು ಒಂದೇ ಸಾಲಿಗೆ ತರುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಒಂದು ಪೆಡಲ್ ನಿಮ್ಮಿಂದ ದೂರ ಹೋಗುತ್ತದೆ, ಆ ಕಾಲಿನ ಮೊಣಕಾಲು ಹೆಚ್ಚು ಚಾಚಿಕೊಳ್ಳುತ್ತದೆ. ಸಾಲು ಸರಿಯಿರಬೇಕಾದದ್ದು ನಿಮ್ಮ ಕಡೆ.

ಇನ್ನು ಎತ್ತರ. 20 ಇಂಚಿನ ಡ್ರಮ್ಮಿನ ನಡುಬಿಂದು 22ರದ್ದಕ್ಕಿಂತ 1 ಇಂಚು, ಅಂದರೆ ಸುಮಾರು 25 ಮಿಲಿಮೀಟರ್ ಕೆಳಗಿರುತ್ತದೆ. 18 ಆದರೆ 2 ಇಂಚು ಕೆಳಗೆ. ಬೀಟರ್ ನಡುವಿಗಿಂತ ಮೇಲೆ ಬಿದ್ದಂತೆಲ್ಲ ಮೂಲನಾದದ ಬಲ ಇಳಿದು ಮೇಲಿನ ಕಂಪನಗಳು ಹೆಚ್ಚುತ್ತವೆ, ಚಿಕ್ಕ ಡ್ರಮ್ ಇನ್ನೂ ತೆಳ್ಳಗೆ ಕೇಳುತ್ತದೆ. ಇದಕ್ಕೆ ಬೀಟರಿನ ಕಡ್ಡಿಯನ್ನು ಕೆಳಗಿಳಿಸುವುದು ಸುಲಭವಾಗಿ ಕಾಣುವ ಪರಿಹಾರ, ಮತ್ತು ಅದೇ ತಪ್ಪು. ಕಡ್ಡಿ ಒಂದು ಇಂಚು ಗಿಡ್ಡವಾದರೆ ಆ ಪೆಡಲ್ ಹಗುರವಾಗಿ, ಚುರುಕಾಗಿ ತಿರುಗುತ್ತದೆ, ಎರಡು ಕಾಲಿನ ಲೆಕ್ಕ ತಪ್ಪುತ್ತದೆ. ಎತ್ತಬೇಕಾದದ್ದು ಡ್ರಮ್ಮನ್ನು. ಲಿಫ್ಟರ್ ಹೂಪನ್ನು, ಅಂದರೆ ಡ್ರಮ್ಮಿನ ಅಂಚಿನ ಬಳೆಯನ್ನು, ಹಿಡಿದು ಡ್ರಮ್ಮನ್ನು ನೆಲದಿಂದ ಮೇಲೆತ್ತುತ್ತದೆ, ಅದರ ಕೆಳಗಿನ ಪಟ್ಟಿ ಪೆಡಲಿನ ಕ್ಲ್ಯಾಂಪಿಗೆ ಸಿಕ್ಕುತ್ತದೆ, ಪೆಡಲ್ ನೆಲದ ಮೇಲೇ ಉಳಿಯುತ್ತದೆ. ಹೂಪಿನ ಅಡಿಗೆ ಮರದ ತುಂಡು ಇಟ್ಟರೆ ಸಾಲದೇ ಎಂದರೆ, ಸಾಲದು. ಆಗ ಕ್ಲ್ಯಾಂಪಿಗೆ ಹೂಪ್ ಎಟುಕುವುದಿಲ್ಲ. ಪೆಡಲನ್ನೂ ಸೇರಿಸಿ ಎತ್ತಿದರೆ ಬೀಟರೂ ಅಷ್ಟೇ ಮೇಲೇರುತ್ತದೆ, ಗಳಿಸಿದ್ದು ಏನೂ ಇಲ್ಲ.

22ರ ಜೊತೆ 24 ಇಂಚಿನದು ಸೇರುವುದಾದರೆ ದೊಡ್ಡದನ್ನು ತಗ್ಗಿಸಲು ಬರುವುದಿಲ್ಲ. ಬೀಟರ್ 24ರ ನಡುವಿಗಿಂತ ಒಂದು ಇಂಚು ಕೆಳಗೆ ಬೀಳಲಿ, ತೊಂದರೆ ಕಡಿಮೆ.

ಮುಂದಿನ ಕಾಲುಗಳನ್ನು, ಅಂದರೆ ಸ್ಪರ್‌ಗಳನ್ನು, ಎರಡು ಡ್ರಮ್ಮಿಗೂ ಒಂದೇ ಉದ್ದಕ್ಕೆ ಎಳೆಯಬೇಡಿ. ಮುಂಭಾಗವನ್ನು 25 ಮಿಲಿಮೀಟರ್ ಎತ್ತಿದರೆ 14 ಇಂಚು ಆಳದ ಡ್ರಮ್ ಸುಮಾರು 4 ಡಿಗ್ರಿ ವಾಲುತ್ತದೆ, 18 ಇಂಚಿನದು 3 ಡಿಗ್ರಿ. ಲಿಫ್ಟರ್ ಹಾಕಿದ ಡ್ರಮ್ಮಿನಲ್ಲಿ ಹಿಂಭಾಗವೂ ಮೇಲೆದ್ದಿರುವುದರಿಂದ ಮುಂಭಾಗವನ್ನು ಇನ್ನಷ್ಟು ಎತ್ತಬೇಕು. ಮೊಬೈಲನ್ನು ಬೀಟರ್ ಕಡೆಯ ಹೂಪಿಗೆ ನೆಟ್ಟಗೆ ಒರಗಿಸಿ ಲೆವೆಲ್ ಆ್ಯಪ್‌ನಲ್ಲಿ ನೋಡಿ. ಎರಡೂ ಕಡೆ ಒಂದೇ ಕೋನ ಬರುವವರೆಗೆ ಸ್ಪರ್ ಸರಿಸಿ.

ಹಂತ 2: ಪೆಡಲ್

ಹೂಪುಗಳ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ. ತೆಳುವಾದ ಲೋಹದ ಹೂಪ್ ಇದ್ದರೆ ಕ್ಲ್ಯಾಂಪಿನ ನಡುವೆ ರಬ್ಬರ್ ತುಂಡು ಇಟ್ಟು ಬಿಗಿ ಮಾಡಿ, ಇಲ್ಲದಿದ್ದರೆ ಎರಡು ಹಾಡು ಮುಗಿಯುವಷ್ಟರಲ್ಲಿ ಪೆಡಲ್ ಓರೆಯಾಗಿರುತ್ತದೆ. ಆಮೇಲೆ ಹೂಪಿನ ಹೊರ ಅಂಚಿನಿಂದ ಹೆಡ್ಡಿನ ಮೈವರೆಗೆ ಸ್ಕೇಲಿನಿಂದ ಅಳೆಯಿರಿ. ಈ ಆಳ ಎರಡು ಡ್ರಮ್ಮಿನಲ್ಲಿ ಒಂದೇ ಇರುವುದು ಅಪರೂಪ. ಕೆಲವು ಲಿಫ್ಟರ್‌ಗಳು ಪೆಡಲನ್ನು ಹಿಂದಕ್ಕೂ ತಳ್ಳುತ್ತವೆ. 5-6 ಮಿಲಿಮೀಟರ್ ವ್ಯತ್ಯಾಸ ಬಂದರೂ ಬೀಟರ್ ಹೆಡ್ಡಿಗೆ ತಾಗುವ ಕೋನ ಬದಲಾಗುತ್ತದೆ. ಕ್ಲ್ಯಾಂಪಿಗೆ ಹೂಪ್ ಎಷ್ಟು ಒಳಗೆ ಹೋಗುತ್ತದೆ ಎಂಬುದನ್ನು ಬದಲಿಸಿ ಇದನ್ನು ಸರಿಮಾಡಿ.

ಈಗ ಎರಡು ಪೆಡಲಿನಲ್ಲೂ ಐದು ಅಳತೆ ಬರೆದುಕೊಳ್ಳಿ: ಬೀಟರ್ ಕಡ್ಡಿಯ ಉದ್ದ, ವಿಶ್ರಾಂತಿಯಲ್ಲಿ ಬೀಟರಿನಿಂದ ಹೆಡ್ಡಿಗೆ ದೂರ, ಪಾದದ ಹಲಗೆಯ ಮುಂತುದಿಯ ಎತ್ತರ, ಸ್ಪ್ರಿಂಗಿನ ಬೋಲ್ಟಿನಲ್ಲಿ ಹೊರಗೆ ಕಾಣುವ ಥ್ರೆಡ್, ಮತ್ತು ಬೀಟರ್ ಹೆಡ್ಡಿಗೆ ತಾಗಿದಾಗಿನ ಕೋನ. ಕೊನೆಯದು ಲಂಬವಾಗಿರಬೇಕು. ಬೀಟರ್ ಇಷ್ಟೇ ಮಿಲಿಮೀಟರ್ ದೂರ ಇರಬೇಕೆಂಬ ನಿಯಮವಿಲ್ಲ. ನಿಮಗೆ ಒಗ್ಗಿದ ದೂರ ಯಾವುದೋ ಅದು ಎರಡರಲ್ಲೂ ಇದ್ದರೆ ಸಾಕು.

ಹಳೆಯ ಸ್ಪ್ರಿಂಗ್ ಸುಸ್ತಾಗಿರುತ್ತದೆ, ಹಾಗಾಗಿ ಥ್ರೆಡ್ಡಿನ ಅಳತೆ ಒಂದನ್ನೇ ನಂಬಲಾಗದು. ಪೆಡಲನ್ನು ಡ್ರಮ್ಮಿನಿಂದ ಬಿಡಿಸಿ, ಬೀಟರನ್ನು ಕೈಯಲ್ಲಿ ಹಿಂದಕ್ಕೆಳೆದು ಬಿಟ್ಟು, ತೂಗಾಟ ನೋಡಿ. ಹತ್ತು ತೂಗಾಟಕ್ಕೆ ಎರಡೂ ಒಂದೇ ಸಮಯ ತೆಗೆದುಕೊಳ್ಳಬೇಕು. ಒಂದು ಬೇಗ ನಿಂತುಬಿಟ್ಟರೆ ಅದರ ಬೇರಿಂಗಿಗೆ ಎಣ್ಣೆ ಬೇಕು. ಒಂದು ನಿಧಾನವಾಗಿ ತೂಗಿದರೆ ಅದರ ಸ್ಪ್ರಿಂಗ್ ಬಿಗಿಮಾಡಿ.

ಹಂತ 3: ಹೆಡ್ ಮತ್ತು ಟ್ಯೂನಿಂಗ್

ಟ್ಯೂನಿಂಗ್‌ನಲ್ಲಿ ಎಷ್ಟು ಸುತ್ತು ತಿರುಗಿಸಿದಿರಿ ಎಂದು ಎಣಿಸುವ ಅಭ್ಯಾಸ ಈ ಕೆಲಸಕ್ಕೆ ಬರುವುದಿಲ್ಲ. ಒಂದು ಡ್ರಮ್ಮಿನಲ್ಲಿ 8 ಲಗ್ (ಹೆಡ್ ಬಿಗಿಮಾಡುವ ರಾಡ್ ಕೂರುವ ಜಾಗ) ಇರಬಹುದು, ಇನ್ನೊಂದರಲ್ಲಿ 10. ರಾಡಿನ ಥ್ರೆಡ್ ಕೂಡ ಬೇರೆ ಇರಬಹುದು. ಕಾಲು ಸುತ್ತು ಎಂದರೆ ಎರಡು ಕಡೆ ಎರಡು ಅರ್ಥ. ಕಿವಿಯಿಂದ, ಬೆರಳಿನಿಂದ ಅಳೆಯಬೇಕು.

ಡ್ರಮ್ಮನ್ನು ಕಾರ್ಪೆಟ್ ಮೇಲೆ ಮಲಗಿಸಿ. ಕೆಳಗಿನ ಹೆಡ್ ಮೌನವಾಗಿರುತ್ತದೆ. ಶೆಲ್ಲಿನ, ಅಂದರೆ ಡ್ರಮ್ಮಿನ ಕವಚದ, ಅಂಚನ್ನು ಬಟ್ಟೆಯಲ್ಲಿ ಒರೆಸಿ, ಹೆಡ್ ಹಾಕಿ, ಎಲ್ಲ ರಾಡ್‌ಗಳನ್ನೂ ಬೆರಳಿನಲ್ಲಿ ತಿರುಗುವಷ್ಟು ತಿರುಗಿಸಿ. ಒಂದು ಲಗ್, ಆಮೇಲೆ ಅದರ ಎದುರಿನ ಲಗ್, ಹೀಗೆ ಅರ್ಧರ್ಧ ಸುತ್ತು ಬಿಗಿಮಾಡುತ್ತಾ ಸುಕ್ಕು ಹೋಗುವವರೆಗೆ ಬನ್ನಿ. ನಡುವಿಗೆ ಅಂಗೈಯಿಂದ ಒತ್ತಿ ಹೆಡ್ಡನ್ನು ಅಂಚಿಗೆ ಕೂರಿಸಿ. ಮತ್ತೆ ಸುಕ್ಕು ಕಂಡರೆ ಮತ್ತೆ ಬಿಗಿಮಾಡಿ. ಪ್ರತಿ ಲಗ್ಗಿನಿಂದ ಎರಡು ಇಂಚು ಒಳಗೆ ಬೆರಳಿನಿಂದ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರಲಿ. ಮೃದಂಗದ ಗಟ್ಟಕ್ಕೆ ಗುಂಡು ಹಿಡಿದು ತಟ್ಟುವಾಗ ವಿದ್ವಾಂಸರು ತೋರುವ ಸಹನೆ ಇಲ್ಲಿಯೂ ಬೇಕು.

ಮೊಬೈಲ್ ಆ್ಯಪ್ ಬಳಸುವುದಾದರೆ ಲಗ್ಗಿನ ಬಳಿಯ ಈ ಸ್ವರವನ್ನೇ ಅಳೆಯಿರಿ. ಡ್ರಮ್ಮಿನ ಮೂಲನಾದ 60 ಹರ್ಟ್ಸ್ ಆಸುಪಾಸಿನದು, ಮೊಬೈಲ್ ಮೈಕಿಗೆ ಅದು ಸರಿಯಾಗಿ ಸಿಕ್ಕುವುದಿಲ್ಲ. ಅಂಚಿನ ಸ್ವರ ಅದರ ಒಂದೂವರೆ ಪಟ್ಟಿಗಿಂತ ಮೇಲಿರುವುದರಿಂದ ಸುಲಭವಾಗಿ ಸಿಕ್ಕುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎರಡೂ ಹೆಡ್ ಒಂದೇ ಬಿಗಿತದಲ್ಲಿದ್ದರೆ ಕಾಲಿಗೆ ಹೆಚ್ಚುಕಡಿಮೆ ಒಂದೇ ಅನ್ನಿಸುತ್ತದೆ, ಶ್ರುತಿ ಮಾತ್ರ ಬೇರೆ. 22 ಇಂಚಿನದು 58 ಹರ್ಟ್ಸ್‌ನಲ್ಲಿದ್ದರೆ 20 ಇಂಚಿನದು 64ರ ಹತ್ತಿರ ನಿಲ್ಲುತ್ತದೆ. ಎರಡನ್ನೂ ಪೂರ್ತಿ ಒಂದೇ ಶ್ರುತಿಗೆ ತರಬೇಕಾದರೆ 22ರ ಬಿಗಿತವನ್ನು ಸುಮಾರು 21 ಪ್ರತಿಶತ ಹೆಚ್ಚಿಸಬೇಕು. 20ನ್ನೇ ಇಳಿಸೋಣ ಎಂದರೆ ಅದು ಆಗಲೇ ಸುಕ್ಕಿನ ಅಂಚಿನಲ್ಲಿರುತ್ತದೆ, ಇನ್ನೂ ಸಡಿಲಿಸಿದರೆ ಹೆಡ್ ಪಟಪಟ ಎನ್ನುತ್ತದೆ. ನಮ್ಮ ಸಲಹೆ ನಡುದಾರಿ: 20 ಇಂಚಿನದನ್ನು ಸುಕ್ಕು ಹೋಗಿ ಬೀಟರ್ ಚೆನ್ನಾಗಿ ಚಿಮ್ಮುವ ಅತಿ ಕಡಿಮೆ ಬಿಗಿತದಲ್ಲಿ ನಿಲ್ಲಿಸಿ, 22ನ್ನು 61 ಹರ್ಟ್ಸ್‌ವರೆಗೆ ಏರಿಸಿ. ಬಿಗಿತದ ವ್ಯತ್ಯಾಸ 10 ಪ್ರತಿಶತದಷ್ಟೇ ಆಗುತ್ತದೆ, ಕಾಲು ಅದನ್ನು ಸಹಿಸುತ್ತದೆ. ಉಳಿಯುವ ಶ್ರುತಿಯ ಅಂತರ ಒಂದು ಸ್ವರಸ್ಥಾನಕ್ಕಿಂತ ಕಡಿಮೆ, ಡ್ಯಾಂಪಿಂಗ್ ಹಾಕಿದ ಮೇಲೆ ಕಿವಿಗೆ ಸಿಗುವುದು ಕಷ್ಟ. ಈ ಲೆಕ್ಕಗಳು ಒಂದೇ ಹೆಡ್ ಇರುವ ಸರಳ ಡ್ರಮ್ಮಿನವು. ಒಳಗಿನ ಗಾಳಿ ಮತ್ತು ಎರಡನೇ ಹೆಡ್ ಸೇರಿ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡುತ್ತವೆ, ದಿಕ್ಕು ಬದಲಾಗುವುದಿಲ್ಲ.

ಶ್ರುತಿ ಪೂರ್ತಿ ಕೂಡದಿರುವುದರಿಂದ ಒಂದು ಲಾಭವೂ ಇದೆ. ಎರಡು ಬೇಸ್ ಡ್ರಮ್ ಒಂದೇ ಶ್ರುತಿಯಲ್ಲಿದ್ದರೆ ಒಂದಕ್ಕೆ ಹೊಡೆದಾಗ ಇನ್ನೊಂದು ತಾನಾಗಿ ಗುನುಗುತ್ತದೆ, ತಂಬೂರಿಯ ತಂತಿಗಳ ಹಾಗೆ. ಅರ್ಧ ಮುಕ್ಕಾಲು ಸ್ವರಸ್ಥಾನದ ಅಂತರ ಆ ಗುನುಗನ್ನು ತಗ್ಗಿಸುತ್ತದೆ.

20 ಮತ್ತು 24, ಅಥವಾ 18 ಮತ್ತು 22ರ ಜೋಡಿಗೆ ಈ ನಡುದಾರಿ ಸಾಲದು, ಅಲ್ಲಿ ಬಿಗಿತದ ವ್ಯತ್ಯಾಸ 45-50 ಪ್ರತಿಶತದಷ್ಟಾಗುತ್ತದೆ. ಹೆಡ್ ದಪ್ಪವಾದಂತೆ ಶ್ರುತಿ ಇಳಿಯುತ್ತದೆ ಎಂಬುದನ್ನು ಬಳಸಿಕೊಳ್ಳಿ. ದೊಡ್ಡದಕ್ಕೆ 10 ಮಿಲ್ ದಪ್ಪದ ಒಂದೇ ಪದರದ ಹೆಡ್, ಚಿಕ್ಕದಕ್ಕೆ ಒಟ್ಟು 14 ಮಿಲ್ ಆಸುಪಾಸಿನ ಎರಡು ಪದರದ ಹೆಡ್. ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಒಂದೇ ಬಿಗಿತದಲ್ಲಿ ಈ ದಪ್ಪವೇ ಚಿಕ್ಕದನ್ನು ಮೂರು ಸ್ವರಸ್ಥಾನದಷ್ಟು ಕೆಳಗಿಳಿಸುತ್ತದೆ. ಎರಡು ಪದರ ಸದ್ದನ್ನು ಬೇಗ ನಿಲ್ಲಿಸುತ್ತದೆ, ಹಾಗಾಗಿ ಚಿಕ್ಕದರೊಳಗೆ ಟವೆಲ್ ಕಡಿಮೆ ಇಡಬೇಕಾಗುತ್ತದೆ.

ಹಂತ 4: ಮುಂದಿನ ಹೆಡ್, ಒಳಗಿನ ಟವೆಲ್

ಒಂದರ ಮುಂದಿನ ಹೆಡ್ಡಿಗೆ ರಂಧ್ರವಿದ್ದು ಇನ್ನೊಂದು ಮುಚ್ಚಿದ್ದರೆ ಬೇರೆಲ್ಲ ಕೆಲಸ ನೀರುಪಾಲು. ಮುಚ್ಚಿದ ಡ್ರಮ್ಮಿನಲ್ಲಿ ಗಾಳಿ ಹೊರಗೆ ಹೋಗಲಾರದೆ ಬೀಟರನ್ನು ವಾಪಸ್ ತಳ್ಳುತ್ತದೆ. ಎರಡಕ್ಕೂ 4 ರಿಂದ 5 ಇಂಚಿನ ರಂಧ್ರ ಇರಲಿ, ನಡುವಿನಲ್ಲಿ ಬೇಡ, ಅಂಚಿನ ಕಡೆ ಇರಲಿ. ಹರಿಯದಂತೆ ಅಂಚಿಗೆ ಪ್ಲಾಸ್ಟಿಕ್ ರಿಂಗ್ ಕೂರಿಸಿ.

ಟವೆಲ್ ಮಡಚಿ ಶೆಲ್ಲಿನ ತಳದಲ್ಲಿ ಇಡಿ, ಬೀಟರ್ ಕಡೆಯ ಹೆಡ್ಡಿಗೆ ಮೆಲ್ಲಗೆ ತಾಗುವಂತೆ. ದೊಡ್ಡ ಡ್ರಮ್ಮಿಗೆ ಒಂದರಿಂದ ಶುರುಮಾಡಿ. ಎರಡೂ ಒಂದೇ ಹೊತ್ತು ಗುಂಯ್‌ಗುಟ್ಟಿ ನಿಲ್ಲುವವರೆಗೆ ಸರಿಸುತ್ತಾ ಹೋಗಿ. ಎರಡು ಕಿಕ್ ಬೇರೆ ಬೇರೆ ಎಂದು ಕಿವಿ ಗುರುತಿಸುವುದು ಶ್ರುತಿಗಿಂತ ಹೆಚ್ಚಾಗಿ ಈ ಗುಂಯ್‌ಗುಡುವ ಅವಧಿಯಿಂದ. ಸಾಮಾನ್ಯವಾಗಿ ದೊಡ್ಡದಕ್ಕೆ ಹೆಚ್ಚು ಟವೆಲ್ ಬೇಕಾಗುತ್ತದೆ. ಡ್ರಮ್ ಸಾಗಿಸುವಾಗ ಜಾರದಂತೆ ಟವೆಲ್ಲನ್ನು ಟೇಪಿನಿಂದ ಶೆಲ್ಲಿಗೆ ಅಂಟಿಸಿ.

ಹಂತ 5: ಪರೀಕ್ಷೆ

ಮೆಟ್ರೋನೋಮ್ 100ಕ್ಕೆ ಇಟ್ಟು ಹದಿನಾರನೇ ಸ್ವರಗಳನ್ನು ಬಲ ಎಡ ಬಲ ಎಡ ಎಂದು ಒಂದು ನಿಮಿಷ ನುಡಿಸಿ. ಮೂರು ಮೀಟರ್ ಎದುರಿಗೆ ಮೊಬೈಲಿಟ್ಟು ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಕಿಕ್ಕಿನ ತಳಸದ್ದು ಬರುವುದೇ ಇಲ್ಲ. ಕುದುರೆ ನಾಗಾಲೋಟದಂತೆ ಕುಂಟುತ್ತಿದ್ದರೆ ಕಾರಣ ಹುಡುಕಲು ಒಂದು ಸುಲಭ ದಾರಿ: ಡ್ರಮ್‌ಗಳನ್ನು ಎಡಬಲ ಅದಲುಬದಲು ಮಾಡಿ ಮತ್ತೆ ನುಡಿಸಿ. ಕುಂಟು ಡ್ರಮ್ಮಿನ ಜೊತೆ ಜಾಗ ಬದಲಿಸಿದರೆ ದೋಷ ಡ್ರಮ್ಮಿನದು, ಹಿಂದಿನ ಹಂತಗಳಿಗೆ ಮರಳಿ. ಎಡಗಾಲಿನಲ್ಲೇ ಉಳಿದರೆ ಬೇಕಾದದ್ದು ಸಾಧನೆ.

ದೊಡ್ಡ ಡ್ರಮ್ ಯಾವ ಕಾಲಿಗೆ? ಹಾಡಿನ ಹೆಚ್ಚಿನ ಕಿಕ್ಕುಗಳು ಬೀಳುವ ಕಾಲಿಗೆ. ಎಡಗಾಲು ದುರ್ಬಲವಾಗಿದ್ದರೆ ಚಿಕ್ಕ ಡ್ರಮ್ಮಿನ ಚುರುಕಾದ ಸದ್ದು ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಎರಡು ದನಿ ಬೇಕೆನ್ನುವವರಿಗೆ

ಅಂತರ ಸ್ಪಷ್ಟವಾಗಿರಲಿ. ಒಂದೂವರೆ ಸ್ವರಸ್ಥಾನದ ಅಂತರ ಕೇಳುವವರಿಗೆ ತಪ್ಪು ಟ್ಯೂನಿಂಗ್‌ನಂತೆ ಕಾಣುತ್ತದೆ, ಷಡ್ಜ ಮಧ್ಯಮದ ಅಂತರ ಬೇಕೆಂದೇ ಮಾಡಿದ್ದು ಎಂದು ತಿಳಿಯುತ್ತದೆ. 22 ಇಂಚಿನದು 55 ಹರ್ಟ್ಸ್‌ನಲ್ಲಿದ್ದರೆ 20 ಇಂಚಿನದನ್ನು 73ಕ್ಕೆ ಏರಿಸಿ. 55 ಹರ್ಟ್ಸ್ ಎಂದರೆ ಬೇಸ್ ಗಿಟಾರಿನ ಎ ತಂತಿಯ ಸ್ವರ, ಅದೇ ಸ್ವರದ ಹಾಡುಗಳಲ್ಲಿ ಎರಡೂ ಬೆರೆತು ಮಸುಕಾಗುತ್ತವೆ, ಆಗ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಚಿಕ್ಕದು ಈಗ ಅರ್ಧದಷ್ಟು ಹೆಚ್ಚು ಬಿಗಿಯಾಗಿರುವುದರಿಂದ ಬೀಟರ್ ಜೋರಾಗಿ ಚಿಮ್ಮುತ್ತದೆ. ಆ ಪೆಡಲಿನ ಸ್ಪ್ರಿಂಗನ್ನು ತುಸು ಸಡಿಲಿಸುವುದು ಇಲ್ಲಿ ಮಾತ್ರ ಸರಿ.

ಟಾಮ್, ಹೈ-ಹ್ಯಾಟ್

ಬೇರೆ ಕಂಪನಿಯ ಡ್ರಮ್ಮಿನ ಟಾಮ್ (ಬೇಸ್ ಡ್ರಮ್ಮಿನ ಮೇಲೆ ಕೂರುವ ಚಿಕ್ಕ ಡ್ರಮ್) ಹೋಲ್ಡರಿಗೆ ನಿಮ್ಮ ಪೈಪ್ ಕೂರದಿರಬಹುದು, ವ್ಯಾಸ ಬೇರೆ. ಶೆಲ್ಲಿಗೆ ರಂಧ್ರ ಕೊರೆಯಬೇಡಿ, ಟಾಮನ್ನು ಸ್ಟ್ಯಾಂಡಿಗೆ ಹಾಕಿ. ಎಡ ಪೆಡಲ್ ಬಂದ ಮೇಲೆ ಎಡಗಾಲಿನಲ್ಲಿ ಮುಚ್ಚಿ ತೆರೆಯುವ ಸಿಂಬಲ್ ಜೋಡಿಗೆ, ಅಂದರೆ ಹೈ-ಹ್ಯಾಟಿಗೆ, ಜಾಗ ಸಾಲದು. ಎರಡು ಕಾಲಿನ ಹೈ-ಹ್ಯಾಟ್ ಸ್ಟ್ಯಾಂಡ್ ಇದ್ದರೆ ಪೆಡಲುಗಳನ್ನು ಒತ್ತೊತ್ತಾಗಿ ಇಡಬಹುದು.

ಸ್ಟೇಜಿನಲ್ಲಿ

ಎರಡು ಡ್ರಮ್ಮಿಗೂ ಒಂದೇ ಮಾಡೆಲ್ಲಿನ ಮೈಕ್ ಬೇಕು, ಎರಡೂ ರಂಧ್ರದಿಂದ ಒಂದೇ ಆಳದಲ್ಲಿ. ಸೌಂಡ್ ಎಂಜಿನಿಯರಿಗೆ ಎರಡು ಕಿಕ್ ಚಾನೆಲ್ ಬೇಕೆಂದು ಮೊದಲೇ ತಿಳಿಸಿ. ಎರಡನ್ನೂ ಸ್ಟೀರಿಯೋದ ನಡುವಿನಲ್ಲೇ ಇಡಲು ಹೇಳಿ, ಎಡಬಲಕ್ಕೆ ಎಳೆದರೆ ನೀವು ಇಷ್ಟು ಹೊತ್ತು ಮುಚ್ಚಿದ ವ್ಯತ್ಯಾಸವೆಲ್ಲ ಹೊರಗೆ ಬರುತ್ತದೆ. ಚಿಕ್ಕದಕ್ಕೆ 60 ಹರ್ಟ್ಸ್ ಬಳಿ ಎರಡು ಮೂರು ಡೆಸಿಬಲ್ ಏರಿಸಿ, ಡಬ್ಬದ ಸದ್ದು ಬರುವ 300-400 ಹರ್ಟ್ಸ್‌ನಲ್ಲಿ ಇಳಿಸಿ, ಬೀಟರಿನ ಟಿಕ್ ಕೇಳುವ 3ರಿಂದ 5 ಸಾವಿರ ಹರ್ಟ್ಸ್ ಭಾಗವನ್ನು ಎರಡರಲ್ಲೂ ಸಮ ಮಾಡಿಸಿ. ವೇಗದ ನುಡಿಸಾಣಿಕೆಯಲ್ಲಿ ಕೇಳುಗರಿಗೆ ತಲುಪುವುದು ಮುಖ್ಯವಾಗಿ ಈ ಟಿಕ್.

ಟ್ರಿಗರ್, ಅಂದರೆ ಹೊಡೆತವನ್ನು ಗ್ರಹಿಸಿ ರೆಕಾರ್ಡ್ ಮಾಡಿಟ್ಟ ಸದ್ದು (ಸ್ಯಾಂಪಲ್) ಹೊರಡಿಸುವ ಸಾಧನ, ಬಳಸುವುದಾದರೆ ಎರಡಕ್ಕೂ ಒಂದೇ ಸ್ಯಾಂಪಲ್ ಹಾಕಿ, ಸದ್ದಿನ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಸೆನ್ಸಿಟಿವಿಟಿ, ಥ್ರೆಶೋಲ್ಡ್‌ಗಳನ್ನು ಡ್ರಮ್ಮಿಗೆ ಒಂದರಂತೆ ಬೇರೆಯಾಗಿ ಹೊಂದಿಸಬೇಕು. ಒಂದರ ಅಂಕಿಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಪಕ್ಕದ ಡ್ರಮ್ಮಿನ ಕಂಪನಕ್ಕೇ ಟ್ರಿಗರ್ ಸಿಡಿಯುತ್ತದೆ, ಒಂದು ಹೊಡೆತಕ್ಕೆ ಎರಡು ಸದ್ದು ಬರುತ್ತದೆ.

ಸಣ್ಣ ಕಾರ್ಯಕ್ರಮಗಳಲ್ಲಿ ಕಿಕ್ಕಿಗೆ ಒಂದೇ ಚಾನೆಲ್ ಸಿಗುವುದು ಮಾಮೂಲು. ಎರಡು ಮೈಕನ್ನು ವೈ ಕೇಬಲಿನಲ್ಲಿ ಸೇರಿಸಬೇಡಿ, ಮಟ್ಟವನ್ನು ಬೇರೆ ಬೇರೆಯಾಗಿ ಹೊಂದಿಸಲು ಆಗುವುದಿಲ್ಲ. ಎರಡು ಡ್ರಮ್ಮಿನ ನಡುವೆ ಒಂದೇ ಮೈಕ್ ಇಟ್ಟರೆ ಸ್ನೇರ್ ಮತ್ತು ಮಾನಿಟರ್ ಸದ್ದೇ ಹೆಚ್ಚು ಸಿಗುತ್ತದೆ. ಅಂಥ ದಿನ 20 ಇಂಚಿನದನ್ನು ಮನೆಯಲ್ಲೇ ಬಿಟ್ಟು, 22ಕ್ಕೆ ಒಂದು ಡಬಲ್ ಪೆಡಲ್ (ಒಂದೇ ಡ್ರಮ್ಮಿಗೆ ಎರಡು ಬೀಟರ್ ಇರುವ ಪೆಡಲ್) ಹಾಕಿ ನುಡಿಸಿ. ಅದರ ಎಡ ಪೆಡಲ್ ನಡುವಿನ ರಾಡಿನಿಂದಾಗಿ ಸ್ವಲ್ಪ ಭಾರ ಎನಿಸುತ್ತದೆ, ಹಾಗಾಗಿ ಹಿಂದಿನ ದಿನ ಅರ್ಧ ಗಂಟೆ ಅದರಲ್ಲೇ ಅಭ್ಯಾಸ ಮಾಡಿ ಹೋಗಿ.